ಗಡಿನಾಡಿನ ಮಕ್ಕಳಿಗೊಂದು ಬಾನುಲಿ ಬೇಕು

ಗಡಿಯಲ್ಲಿ ಕನ್ನಡ ಅಳಿಯುತ್ತಿದೆ ಎಂದು ಸಮ್ಮೇಳನಗಳಲ್ಲಿ ಗೊತ್ತುವಳಿ ಸ್ವೀಕರಿಸುವುದು ನಮಗೆ ರೂಢಿಯಾಗಿದೆ. ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಎಷ್ಟೋ ಮನೆಗಳಲ್ಲಿ ಮಗು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತದೆ, ಶಾಲೆಯಲ್ಲಿ ಮರಾಠಿಯನ್ನು ಓದಿ ಬರೆಯುತ್ತದೆ. ಮರಾಠಿಯನ್ನು ಅದು ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡ ಅದರ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅಂಥ ಮಗುವಿನ ಕೈಗೆ ನಾವು ಕೊಡುವುದಾದರೂ ಏನು? ಅದು ಓದಲಾರದ ಸ್ಮರಣ ಸಂಚಿಕೆ!

ಅಕ್ಷರ ಬಾರದವರನ್ನೂ ತಲುಪುವ ಸಾಧನ ಬಾನುಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ಸರಕಾರದ ಆದೇಶಕ್ಕಾಗಿ ಕಾಯಲಿಲ್ಲ. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತವರೆಂದು ಪ್ರಸಿದ್ಧರಾದ ನಾ. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ. ಕನ್ನಡಕ್ಕೆ ಬಂದು ಕನ್ನಡದ ಹಾಸ್ಯ ಸಾಹಿತಿಗಳಾದರು. ಹೊರಗಿನಿಂದ ಬಂದವರು ಅಷ್ಟು ಮಾಡಿದರೆ, ಮನೆಮಾತೇ ಕನ್ನಡವಾದ ನಾವು ಮಾಡಿದ್ದೇನು?

'ಮೊಬೈಲು ಇರುವಾಗ ರೇಡಿಯೋ ಏಕೆ?' ಎಂದು ಕೇಳುವವರಿದ್ದಾರೆ. ಮೊಬೈಲು ಮಗುವನ್ನು ಗಂಟೆಗಟ್ಟಲೆ ನೋಡುತ್ತ ಕೂರಿಸುತ್ತದೆ. ಬಾನುಲಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುವ ಅಕ್ಕನೋ ಅಣ್ಣನೋ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, 'ಮುಂದೇನಾತು, ನೀ ಹೇಳವ್ವಾ' ಎಂದು ಕೇಳುತ್ತಾರೆ, ಮಗು ಉತ್ತರಿಸುತ್ತದೆ. ನೆರೆಯೂರಿನ ಮಗು ಅದನ್ನು ಕೇಳಿ, 'ಇದು ನಮ್ಮ ಮನೆಯ ಮಾತು' ಎಂದು ಹಿಗ್ಗುತ್ತದೆ. ತನ್ನ ಮಾತಿಗೆ ಊರೆಲ್ಲ ಕಿವಿಗೊಡುತ್ತದೆಂದು ಅರಿತ ಮಗು ಆ ಮಾತಿಗಾಗಿ ನಾಚುವುದಿಲ್ಲ.

ಕಲಬುರಗಿ ಆಕಾಶವಾಣಿ 1966ರಿಂದ ಇದೆ, ಅದಿರುವಾಗ ಇನ್ನೊಂದೇಕೆ ಎನ್ನಬಹುದು. ಇಡೀ ಸೀಮೆಯ ಹೊಣೆ ಹೊತ್ತ ನಿಲಯವು ನಮ್ಮ ಓಣಿಯ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯಲಾದೀತೆ? ಕೇಂದ್ರ ಸರಕಾರದ 2006ರ ನೀತಿಯು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದಿದೆ. ಕನಿಷ್ಠ 3 ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್; ಸುತ್ತಲಿನ ಕೆಲವು ಹಳ್ಳಿಗಳಿಗೆ ಅಷ್ಟು ಸಾಕು.

ಖರ್ಚು ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾಲು, ಹಾರ, ಫಲಕ, ಮೆರವಣಿಗೆಗಳಿಗೆ ಹಣ ಹೊಂದಿಸಬಲ್ಲ ನಾವು ಇದಕ್ಕೆ ಮಾತ್ರ ಬಡವರಾಗುವುದು ನ್ಯಾಯವಲ್ಲ. ಮುಂದಿನ ಸಮ್ಮೇಳನದಲ್ಲಿ ಸನ್ಮಾನಿತರ ಪಟ್ಟಿಯನ್ನು ಅರ್ಧಕ್ಕಿಳಿಸಿ, ಉಳಿದ ಹಣವನ್ನು ಈ ಕೆಲಸಕ್ಕೆ ಮೀಸಲಿಡಿ. ಕಥೆ ಹೇಳಬಲ್ಲ ಒಬ್ಬ ತರುಣಿಯನ್ನೋ ತರುಣನನ್ನೋ ಹುಡುಕಿ ತರಬೇತಿ ಕೊಡಿಸಿ. ಹತ್ತು ಗೊತ್ತುವಳಿಗಳು ಮಾಡಲಾರದ ಕೆಲಸವನ್ನು ಆ ಒಂದು ದನಿ ಮಾಡೀತು.