ಕಾಯಕ ಶಿಕ್ಷಣವೂ ಹಡಗುಕಟ್ಟೆಯೂ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಸಾಲಾಗಿ ಹೇಳಿಕೊಂಡರೆ ಒಂದು ಸಂಗತಿ ತಾನಾಗಿಯೇ ಮನವರಿಕೆಯಾಗುತ್ತದೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ: ಇವರ ಹೆಸರಿನ ಮೊದಲ ಪದವೇ ಇವರ ವೃತ್ತಿ. ದೋಣಿ ನಡೆಸಿದವನೂ, ಹಗ್ಗ ಹೊಸೆದವನೂ, ಬಿದಿರು ಹೆಣೆದವನೂ, ಬಟ್ಟೆ ಮಡಿ ಮಾಡಿದವನೂ ತಮ್ಮ ಉದ್ಯೋಗವನ್ನು ಮರೆಮಾಚಿಕೊಂಡು ಕಲ್ಯಾಣವನ್ನು ಪ್ರವೇಶಿಸಲಿಲ್ಲ. ಅದನ್ನು ಹೆಸರಿನ ಮುಂದಿರಿಸಿಕೊಂಡೇ ಬಂದರು. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲಿ ಪ್ರತಿವರ್ಷ ಬಸವ ಜಯಂತಿಯಂದು ಈ ಮಾತನ್ನು ಭಕ್ತಿಯಿಂದ ನೆನೆಯಲಾಗುತ್ತದೆ.

ಆದರೆ ಅದೇ ಶಾಲೆಯ ಅಂಗಳದಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ದಿನ ಬೇರೊಂದು ಮಾತು ಕೇಳಿಬರುತ್ತದೆ. ಹೆಚ್ಚು ಅಂಕ ಗಳಿಸಿದವರು ವಿಜ್ಞಾನಕ್ಕೆ, ಅವರ ನಂತರದವರು ವಾಣಿಜ್ಯಕ್ಕೆ, ಆಮೇಲಿನವರು ಕಲೆಗೆ; "ಉಳಿದವರು ಐ.ಟಿ.ಐ. ಸೇರಲಿ." ಈ 'ಉಳಿದವರು' ಎಂಬ ಒಂದು ಪದದಲ್ಲಿ ಕಾಯಕ ತತ್ತ್ವದ ಬಗೆಗಿನ ನಿಜವಾದ ಶ್ರದ್ಧೆ ಎಷ್ಟೆಂಬುದು ಬಯಲಾಗುತ್ತದೆ. ಕೈಕಸುಬು ಸೋತವರ ಆಶ್ರಯವೆಂದು ಗುರುಗಳೇ ಭಾವಿಸಿದರೆ, ಅದನ್ನು ಆರಿಸಿಕೊಳ್ಳುವ ಹುಡುಗನು ತಾನು ಸೋತೆನೆಂಬ ಭಾವನೆಯನ್ನು ಹೊತ್ತೇ ಮೊದಲ ದಿನ ಕಾರ್ಯಾಗಾರವನ್ನು ಪ್ರವೇಶಿಸುತ್ತಾನೆ. ಕುಶಲ ವೃತ್ತಿಗಳನ್ನು ಶಾಲೆಗಳು ಕೊನೆಯ ಗತಿಯೆಂದಲ್ಲದೆ ಮೊದಲ ಆಯ್ಕೆಗಳಲ್ಲೊಂದೆಂದು ವಿದ್ಯಾರ್ಥಿಗಳ ಮುಂದಿಡಬೇಕು. ಇದಕ್ಕೆ ಅತ್ಯಂತ ಸಮರ್ಪಕವಾದ ನಿದರ್ಶನ ಹಡಗು ನಿರ್ಮಾಣದ ಉದ್ಯೋಗ. ಏಕೆಂದರೆ ಅಲ್ಲಿ ಕಲಿಯುವವನು ಶುಲ್ಕ ತೆರುವುದಿಲ್ಲ, ಕಲಿಕೆಯ ಕಾಲದಲ್ಲಿಯೇ ವೇತನ ಪಡೆಯುತ್ತಾನೆ.

ಹಡಗನ್ನು ಇಂದು ತಳದಿಂದ ಮೇಲಕ್ಕೆ ಇಡಿಯಾಗಿ ಕಟ್ಟುವುದಿಲ್ಲ. ಉಕ್ಕಿನ ಹಾಳೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆದು ಮೊದಲು ದೊಡ್ಡ ದೊಡ್ಡ ಖಂಡಗಳನ್ನು ಸಿದ್ಧಪಡಿಸುತ್ತಾರೆ. ಅನಂತರ ಆ ಖಂಡಗಳನ್ನು ಭಾರೀ ಕ್ರೇನುಗಳಿಂದ ಎತ್ತಿ ಒಂದಕ್ಕೊಂದು ಕೂಡಿಸುತ್ತಾರೆ. ಅಂಚಿನಲ್ಲಿ ಕೆಲವೇ ಮಿಲಿಮೀಟರುಗಳ ತಪ್ಪಾದರೂ ಪಕ್ಕದ ಖಂಡ ಸರಿಯಾಗಿ ಕೂಡದು. ನಕ್ಷೆಯನ್ನು ಓದಿ ಹಾಳೆಗೆ ರೂಪ ಕೊಡುವವನು ಸ್ಟ್ರಕ್ಚರಲ್ ಫಿಟ್ಟರ್. ಅದನ್ನು ಬೆಸೆಯುವವನು ವೆಲ್ಡರ್. ಇಂಧನ, ನೀರು, ಹಬೆ ಹರಿಯುವ ಕೊಳವೆಗಳನ್ನು ಇಕ್ಕಟ್ಟಾದ ಜಾಗದಲ್ಲಿ ಹಾಯಿಸುವವನು ಪೈಪ್ ಫಿಟ್ಟರ್. ಭಾರವನ್ನು ಹಗ್ಗ, ಸರಪಳಿಗಳಿಂದ ಬಿಗಿದು ಸಮತೋಲದಲ್ಲಿ ಎತ್ತಿಸುವವನು ರಿಗ್ಗರ್. ನುಲಿಯ ಚಂದಯ್ಯನ ಹಗ್ಗಕ್ಕೂ ಈ ರಿಗ್ಗರನ ಹಗ್ಗಕ್ಕೂ ಎಂಟು ನೂರು ವರ್ಷಗಳ ಅಂತರವಿದ್ದರೂ, ಎಳೆ ಸಡಿಲವಾದರೆ ಕೆಲಸ ಕೆಡುತ್ತದೆ ಎಂಬ ನಿಯಮ ಬದಲಾಗಿಲ್ಲ.

ಬೆಸುಗೆಯೊಂದನ್ನೇ ವಿಚಾರಿಸಬಹುದು. ಮೇಜಿನ ಮೇಲಿರಿಸಿದ ಲೋಹವನ್ನು ಬೆಸೆಯುವುದನ್ನು ಹೊಸಬನೂ ಬೇಗ ಕಲಿತಾನು. ಆದರೆ ಹಡಗಿನ ಒಡಲೊಳಗೆ ನಿಂತು ತಲೆಯ ಮೇಲಿನ ಹಾಳೆಯನ್ನು ಬೆಸೆಯುವಾಗ ಕರಗಿದ ಲೋಹ ಕೆಳಗೆ ಬೀಳಲು ಹವಣಿಸುತ್ತಿರುತ್ತದೆ. ಅದನ್ನು ಕೈಯ ಲಯದಿಂದಲೇ ಹಿಡಿದಿಡಬೇಕು. ಶಾಖಕ್ಕೆ ಹಾಳೆ ಸೊಟ್ಟಗಾಗುವುದರಿಂದ ಯಾವ ಬದಿಯನ್ನು ಮೊದಲು, ಯಾವುದನ್ನು ಆಮೇಲೆ ಬೆಸೆಯಬೇಕೆಂಬ ಕ್ರಮವೂ ತಿಳಿದಿರಬೇಕು. ಮುಗಿದ ಬೆಸುಗೆಯನ್ನು ಎಕ್ಸ್-ರೇಯಿಂದಲೂ ಶ್ರವಣಾತೀತ ತರಂಗಗಳಿಂದಲೂ ಪರೀಕ್ಷಿಸುತ್ತಾರೆ. ಕಣ್ಣಿಗೆ ಕಾಣದ ಗುಳ್ಳೆಯೂ ಅಲ್ಲಿ ಗೋಚರಿಸುತ್ತದೆ. ಇಷ್ಟು ಎಚ್ಚರಿಕೆಗೆ ಕಾರಣ ಇತಿಹಾಸದಲ್ಲಿದೆ. ೧೯೪೩ರ ಜನವರಿ ೧೬ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 'ಸ್ಕೆನೆಕ್ಟಡಿ' ಎಂಬ ಹೊಸ ತೈಲವಾಹಕ ಹಡಗು ಶಾಂತಜಲದಲ್ಲಿ ಕಟ್ಟಿನಿಂತಿದ್ದಾಗಲೇ ನಡುವೆ ಸೀಳಿಹೋಯಿತು. ಚಳಿಯಲ್ಲಿ ಪೆಡಸಾದ ಉಕ್ಕು ಮತ್ತು ಬೆಸುಗೆಯ ದೋಷ ಅದಕ್ಕೆ ಕಾರಣಗಳೆಂದು ತಿಳಿದುಬಂದಿತು. ಇಂತಹ ಹೊಣೆಯನ್ನು ಹೊರುವ ಕೆಲಸವನ್ನು ಬುದ್ಧಿಯಿಲ್ಲದವರ ಕೆಲಸವೆಂದು ಕರೆಯುವುದು ಅಜ್ಞಾನವಲ್ಲದೆ ಬೇರೇನೂ ಅಲ್ಲ.

ಭಾರತದಲ್ಲಿ ಈ ವಿದ್ಯೆಯ ಫಲವನ್ನು ಕೊಚ್ಚಿಯಲ್ಲಿ ಕಾಣಬಹುದು. ೧೯೭೨ರಲ್ಲಿ ಸ್ಥಾಪನೆಯಾದ ಕೊಚ್ಚಿನ್ ಶಿಪ್‌ಯಾರ್ಡ್ ತನ್ನ ಮೊದಲ ಹಡಗು 'ರಾಣಿ ಪದ್ಮಿನಿ'ಯನ್ನು ೧೯೮೧ರಲ್ಲಿ ಒಪ್ಪಿಸಿತು. ಅದೇ ಕಟ್ಟೆಯಲ್ಲಿ ೨೦೦೯ರಲ್ಲಿ ಅಡಿಗಟ್ಟು ಹಾಕಲಾದ ೨೬೨ ಮೀಟರ್ ಉದ್ದದ ವಿಮಾನವಾಹಕ ನೌಕೆ 'ವಿಕ್ರಾಂತ್' ೨೦೨೨ರ ಸೆಪ್ಟೆಂಬರ್ ೨ರಂದು ನೌಕಾಪಡೆಯನ್ನು ಸೇರಿತು. ೨೦೦೯ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಪಿ.ಯು.ಸಿ. ಮುಗಿಸಿ ಕಾಲೇಜಿಗೆ ಹೋಗುವಷ್ಟು ದೀರ್ಘಕಾಲ ಅಲ್ಲಿ ಕೆಲಸ ನಡೆಯಿತು. ಅದಕ್ಕೆ ಬೇಕಾದ ವಿಶೇಷ ಉಕ್ಕನ್ನು ಈ ದೇಶದ ವಿಜ್ಞಾನಿಗಳೇ ರೂಪಿಸಿದರು. ಆದರೆ ಪ್ರಯೋಗಾಲಯದ ಉಕ್ಕು ಹಡಗಾಗಬೇಕಾದರೆ ಬೆಸುಗೆಗಾರನ ಕೈಯನ್ನು ಹಾದೇ ಬರಬೇಕಾಯಿತು.

ಈ ಕೈಗಳು ತಯಾರಾಗುವ ಬಗೆ ಹೇಗೆ? ೧೯೬೧ರ ಅಪ್ರೆಂಟಿಸ್ ಅಧಿನಿಯಮ ಅದಕ್ಕೆ ತಳಹದಿ. ಅದರ ಪ್ರಕಾರ ಉದ್ಯಮಸಂಸ್ಥೆಯು ತರುಣನೊಡನೆ ಕರಾರು ಮಾಡಿಕೊಂಡು, ಗೊತ್ತಾದ ಅವಧಿಯವರೆಗೆ ಕೆಲಸ ಕಲಿಸುತ್ತ ಶಿಷ್ಯವೇತನ ಕೊಡಬೇಕು. ೨೦೧೯ರ ನಿಯಮಗಳು ತಿಂಗಳ ಕನಿಷ್ಠ ಶಿಷ್ಯವೇತನವನ್ನು ಹತ್ತನೆಯ ತರಗತಿ ಮುಗಿಸಿದವರಿಗೆ ೬,೦೦೦ ರೂಪಾಯಿ, ಐ.ಟಿ.ಐ. ಪ್ರಮಾಣಪತ್ರ ಪಡೆದವರಿಗೆ ೭,೦೦೦ ರೂಪಾಯಿ, ಡಿಪ್ಲೊಮಾ ಪಡೆದವರಿಗೆ ೮,೦೦೦ ರೂಪಾಯಿ ಎಂದು ನಿಗದಿಪಡಿಸಿದವು. ಎರಡನೆಯ, ಮೂರನೆಯ ವರ್ಷಗಳಿಗೆ ಹೆಚ್ಚಳವನ್ನೂ ಸೂಚಿಸಿದವು. ಮುಂಬಯಿಯ ಮಜಗಾಂವ್ ಡಾಕ್ ಐ.ಟಿ.ಐ. ಮುಗಿಸಿದವರನ್ನಷ್ಟೇ ಅಲ್ಲದೆ ಹತ್ತನೆಯ ಮತ್ತು ಎಂಟನೆಯ ತರಗತಿ ಮುಗಿಸಿದವರನ್ನೂ ಬೇರೆ ಬೇರೆ ಗುಂಪುಗಳಲ್ಲಿ ಅಪ್ರೆಂಟಿಸರನ್ನಾಗಿ ತೆಗೆದುಕೊಂಡ ಸಂಸ್ಥೆ. ಅಮೆರಿಕದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯು ೧೯೧೯ರಲ್ಲಿಯೇ ಅಪ್ರೆಂಟಿಸ್ ಶಾಲೆಯನ್ನು ತೆರೆಯಿತು. ಅಲ್ಲಿ ವೇತನ ಪಡೆಯುತ್ತ ಕಲಿತವರು ಮುಂದೆ ಅದೇ ಕಟ್ಟೆಯ ಮೇಲ್ವಿಚಾರಕರೂ ಅಧಿಕಾರಿಗಳೂ ಆಗಿದ್ದಾರೆ.

ಬಯಲುಸೀಮೆಯ ಹುಡುಗನಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಮುದ್ರ ಅಷ್ಟು ದೂರವೇನೂ ಇಲ್ಲ. ಕಾರವಾರದಲ್ಲಿ ೨೦೦೫ರಲ್ಲಿ ಆರಂಭವಾದ ಐ.ಎನ್.ಎಸ್. ಕದಂಬ ನೌಕಾನೆಲೆಯಿದೆ, ಅಲ್ಲಿನ ನೌಕಾ ದುರಸ್ತಿ ಕಟ್ಟೆ ಐ.ಟಿ.ಐ. ಮುಗಿಸಿದ ತರುಣರಿಂದ ಅಪ್ರೆಂಟಿಸ್ ತರಬೇತಿಗಾಗಿ ಅರ್ಜಿ ಕರೆಯುತ್ತ ಬಂದಿದೆ. ಕಾರವಾರದಿಂದ ಉತ್ತರಕ್ಕೆ ಕೆಲವೇ ಗಂಟೆಗಳ ಪ್ರಯಾಣದಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಗೋವಾ ಶಿಪ್‌ಯಾರ್ಡ್ ಇದೆ. ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ ನಿಂತುಹೋಗಿದ್ದ ಹಡಗುಕಟ್ಟೆಯೊಂದನ್ನು ೨೦೨೦ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. 'ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್' ಎಂಬ ಹೆಸರು ತಳೆದ ಆ ಸಂಸ್ಥೆಗೆ ನಾರ್ವೆ ದೇಶದಿಂದಲೂ ಸರಕು ಹಡಗುಗಳ ಬೇಡಿಕೆ ಬಂದಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಹಡಗು ನಿರ್ಮಾಣದ ಪುನಶ್ಚೇತನಕ್ಕಾಗಿ ೬೯,೭೨೫ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಜಗತ್ತಿನ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇಕಡಾ ೧ಕ್ಕಿಂತಲೂ ಕಡಿಮೆಯಿರುವಾಗ ಹಣವೊಂದರಿಂದಲೇ ಈ ಕೊರತೆ ತುಂಬುವುದಿಲ್ಲ; ಕಲಿತ ಕೈಗಳು ಬೇಕು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಜಾಹೀರಾತಾದೀತು, ಶಿಕ್ಷಣವಾಗದು. ವಿದ್ಯಾರ್ಥಿಗೂ ಅವನ ತಂದೆತಾಯಿಗಳಿಗೂ ಮೂರು ಕಹಿ ಸತ್ಯಗಳನ್ನು ಮೊದಲೇ ತಿಳಿಸಬೇಕು. ಒಂದು, ತರಬೇತಿ ಕೊಟ್ಟ ಸಂಸ್ಥೆ ಉದ್ಯೋಗವನ್ನೂ ಕೊಡಲೇಬೇಕೆಂಬ ಸಾಮಾನ್ಯ ಕಟ್ಟಳೆ ಕಾನೂನಿನಲ್ಲಿಲ್ಲ. ಅವಧಿ ಮುಗಿದ ಮೇಲೆ ಗುತ್ತಿಗೆದಾರರ ಕೈಕೆಳಗೆ ದುಡಿಯಬೇಕಾಗಿ ಬಂದವರು ಬಹಳ ಮಂದಿ. ಎರಡು, ಮುಂಬಯಿ ಅಥವಾ ಕೊಚ್ಚಿಯಂತಹ ನಗರದಲ್ಲಿ ೭,೦೦೦ ರೂಪಾಯಿಗಳಲ್ಲಿ ಬಾಡಿಗೆ, ಊಟಗಳನ್ನು ಸರಿದೂಗಿಸುವುದು ಸುಲಭವಲ್ಲ. ಮೂರು, ಈ ಉದ್ಯೋಗದಲ್ಲಿ ಅಪಾಯವಿದೆ. ೨೦೧೮ರ ಫೆಬ್ರವರಿ ೧೩ರಂದು ಕೊಚ್ಚಿಯಲ್ಲಿ ದುರಸ್ತಿಗೆ ನಿಂತಿದ್ದ 'ಸಾಗರ ಭೂಷಣ' ನೌಕೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಐವರು ಪ್ರಾಣ ಕಳೆದುಕೊಂಡರು. ಮುಚ್ಚಿದ ತೊಟ್ಟಿಯೊಳಗೆ ಇಳಿಯುವ ಮುನ್ನ ಅನಿಲ ಪರೀಕ್ಷೆ ನಡೆದಿದೆಯೇ ಎಂದು ಕೇಳುವ ಧೈರ್ಯವೂ ಈ ವಿದ್ಯೆಯ ಒಂದು ಅಂಗ. ಅಪಾಯಕಾರಿ ಉದ್ಯಮಗಳ ವೃತ್ತಿಗಳಿಗೆ ೧೮ ವರ್ಷ ತುಂಬಿರಬೇಕೆಂದು ಕಾನೂನು ವಿಧಿಸಿರುವುದು ಇದೇ ಕಾರಣಕ್ಕಾಗಿ.

ಇಷ್ಟೆಲ್ಲ ತೊಡಕುಗಳಿದ್ದರೆ ಈ ದಾರಿ ಏಕೆ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಇನ್ನೊಂದು ದಾರಿಯ ಲೆಕ್ಕವನ್ನೂ ನೋಡಬೇಕು. ೧೯೬೩ರಲ್ಲಿ ಮೈಸೂರಿನಲ್ಲಿಯೂ ತುಮಕೂರಿನಲ್ಲಿಯೂ ಮಠಗಳ ಆಶ್ರಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾದಾಗ ಅದೊಂದು ಸಾಹಸದ ಕಾರ್ಯವಾಗಿತ್ತು; ಹಳ್ಳಿಯ ಮಕ್ಕಳಿಗೆ ಮುಚ್ಚಿದ್ದ ಬಾಗಿಲನ್ನು ಅವು ತೆರೆದವು. ಇಂದು ಅಂತಹ ಕಾಲೇಜುಗಳು ಜಿಲ್ಲೆ ಜಿಲ್ಲೆಗಳಲ್ಲಿವೆ. ಒಲವಿಲ್ಲದ ಮಗನನ್ನು ಅಲ್ಲಿಗೆ ಸೇರಿಸಲೆಂದು ಹೊಲವನ್ನು ಒತ್ತೆಯಿಟ್ಟ ತಂದೆ, ಪದವಿ ಪಡೆದ ಮೇಲೂ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮಗ: ಇಂತಹ ಮನೆಗಳು ಯಾವ ಶಿಕ್ಷಕರಿಗೂ ಅಪರಿಚಿತವಲ್ಲ. ಅಪ್ರೆಂಟಿಸ್ ಆದವನಿಗೆ ಉದ್ಯೋಗ ತಡವಾದರೂ ತಲೆಯ ಮೇಲೆ ಸಾಲವಿರುವುದಿಲ್ಲ. ರಾಷ್ಟ್ರಮಟ್ಟದ ಪ್ರಮಾಣಪತ್ರವಿರುತ್ತದೆ, ಹಡಗಲ್ಲದಿದ್ದರೆ ಸೇತುವೆ, ವಿದ್ಯುತ್ ಸ್ಥಾವರ, ತೈಲಾಗಾರಗಳಲ್ಲಿಯೂ ಸಲ್ಲುವ ಕೌಶಲವಿರುತ್ತದೆ. ಒಂದು ದಾರಿ ಸುಖದ್ದು, ಇನ್ನೊಂದು ಕಷ್ಟದ್ದು ಎಂದಲ್ಲ. ಎರಡರ ಲಾಭ ನಷ್ಟಗಳನ್ನೂ ಸಮನಾಗಿ ತೂಗಿ ತೋರಿಸುವುದು ಶಾಲೆಯ ಧರ್ಮ.

ಆದುದರಿಂದ ಶಿಕ್ಷಕರಿಂದ ಆಗಬೇಕಾದುದೇನು? ಒಂಬತ್ತನೆಯ ತರಗತಿಯಲ್ಲಿಯೇ ರೇಖಾಗಣಿತವನ್ನು ಹಲಗೆಯ ಮೇಲಿನಿಂದ ತಗಡಿನ ಮೇಲಕ್ಕೆ ಇಳಿಸಿ ತೋರಿಸಬೇಕು. ಚಪ್ಪಟೆ ತಗಡಿನಿಂದ ಶಂಕುವನ್ನೂ ಕೊಳವೆಯ ಮೊಣಕೈಯನ್ನೂ ಕತ್ತರಿಸಿ ರಚಿಸಿದ ವಿದ್ಯಾರ್ಥಿಗೆ ಹಡಗಿನ ನಕ್ಷೆ ಅರ್ಧ ಪರಿಚಿತವಾದಂತೆಯೇ. ಅರ್ಜಿಗಳ ಪ್ರಕಟಣೆ ಹೊರಬಿದ್ದಾಗ ಅದನ್ನು ಸೂಚನಾಫಲಕದಲ್ಲಿ ಹಾಕಿ ವಿವರಿಸುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸಬೇಕು. ಪರವೂರಿನ ಕಾರ್ಯಾಗಾರದಲ್ಲಿ ಬಾಳಲು ಬೇಕಾಗುವಷ್ಟು ಹಿಂದಿಯನ್ನೂ ಇಂಗ್ಲಿಷನ್ನೂ ಆಡುವ ಅಭ್ಯಾಸ ಮಾಡಿಸಬೇಕು. ಹೆಣ್ಣುಮಕ್ಕಳಿಗೂ ಈ ವಿಷಯ ತಿಳಿಯುವಂತೆ ನೋಡಿಕೊಳ್ಳಬೇಕು. ಬೆಸುಗೆಗೆ ಬೇಕಾದುದು ಸ್ಥಿರವಾದ ಕೈ. ಅದು ಗಂಡಸರ ಸೊತ್ತಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದು, ವೈದ್ಯರಿಗೂ ಅಧಿಕಾರಿಗಳಿಗೂ ಸಲ್ಲುವ ಮಾಲೆಯನ್ನೇ ಅವರಿಗೂ ಹಾಕಬೇಕು.

ದಾನಿಗಳ ಪಾತ್ರ ಇದಕ್ಕಿಂತ ಕಿರಿದಲ್ಲ. ಶಿರಸಂಗಿ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿರಿಸಿದರು. ಮಠಗಳ ಪ್ರಸಾದನಿಲಯಗಳು ಅನ್ನ ನೀಡಿ ಅಕ್ಷರ ಕಲಿಸಿದವು. ಆ ಪರಂಪರೆಗೆ ಇಂದು ಒಂದು ಹೊಸ ಕವಲು ಬೇಕಾಗಿದೆ. ಚಿನ್ನದ ಪದಕಕ್ಕೂ ಹೊಸ ಕೊಠಡಿಗೂ ಹೆಸರು ಕೊಡುವ ದಾನಿಗಳು ಹಲವರಿದ್ದಾರೆ. ಆದರೆ ಆಯ್ಕೆ ಪರೀಕ್ಷೆಗೆ ಮುಂಬಯಿಗೆ ಹೋಗಿಬರುವ ರೈಲು ಖರ್ಚಿಲ್ಲದೆ ಅರ್ಜಿಯನ್ನೇ ಹಾಕದ ಹುಡುಗನಿಗೆ, ಮೊದಲ ಶಿಷ್ಯವೇತನ ಕೈಸೇರುವ ತನಕ ಮುಂಗಡ ಬಾಡಿಗೆ ಕಟ್ಟಲಾರದ ಹುಡುಗಿಗೆ ನೆರವಾಗುವ ನಿಧಿ ವಿರಳ. ಆರು ತಿಂಗಳ ವಸತಿಯ ವೆಚ್ಚ ದೊಡ್ಡ ಮೊತ್ತವೇನಲ್ಲ. ಅದೊಂದಿಲ್ಲದ ಕಾರಣ ಹಿಂದಿರುಗಿದವನ ಬದುಕಿನ ನಷ್ಟ ದೊಡ್ಡದು. ದಾಸೋಹವೆಂಬುದು ಹಸಿದ ಹೊತ್ತಿಗೆ ಒದಗಬೇಕಾದುದು.

ಪ್ರತಿ ಶಾಲೆಯ ಕಚೇರಿಯಲ್ಲಿಯೂ ಉತ್ತಮ ಅಂಕ ಗಳಿಸಿದವರ ಹೆಸರುಗಳ ಫಲಕವೊಂದು ತೂಗಾಡುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕಕ್ಕೆ ಗೋಡೆಯ ಮೇಲೆ ಸ್ಥಳವಿದೆ. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರ ಹೆಸರುಗಳನ್ನು ಅಲ್ಲಿ ಬರೆಯಿಸಿ, ಪ್ರತಿ ಹೆಸರಿನ ಮುಂದೆ ಅವರ ವೃತ್ತಿಯನ್ನೂ, ಶರಣರು ಬರೆಯಿಸಿಕೊಂಡ ಹಾಗೆಯೇ, ಬರೆಯಿಸಬಹುದು. ಮುಂದಿನ ವರ್ಷದ ಫಲಿತಾಂಶದ ದಿನ ಆ ಫಲಕದೆದುರು ನಿಂತು ಓದುವ ಹುಡುಗನು ತಾನು 'ಉಳಿದವನು' ಎಂದುಕೊಳ್ಳಲಾರನು.