ಖಾಲಿ ಮನೆಗೂ ಒಬ್ಬ ಯಜಮಾನ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಬಳಗದ ಆರು ಮಂದಿ ವಿದ್ಯಾರ್ಥಿಗಳು ನೆಲ್ಯಾಡಿಯಿಂದ ಹೆಚ್ಚು ದೂರವಿಲ್ಲದ ಒಂದು ಹಳೆಯ ಮನೆಗೆ ಹೋಗಿ ಬಂದರು. ಹತ್ತು ಹನ್ನೆರಡು ವರ್ಷಗಳಿಂದ ಯಾರೂ ವಾಸವಿಲ್ಲದ ಕೃಷಿಕರ ಮನೆ ಅದು. ಎದುರಿನ ಬಾಗಿಲಿಗೆ ಬೀಗವಿತ್ತು. ಹಿಂದಿನ ಗೋಡೆ ಮಳೆಗೆ ಜರಿದು ಬಿದ್ದಿದ್ದುದರಿಂದ ಒಳಹೋಗಲು ಅಡ್ಡಿಯಾಗಲಿಲ್ಲ. ಚಿತ್ರ ತೆಗೆದರು, ಕೋಣೆಗಳ ಅಳತೆ ಬರೆದುಕೊಂಡರು, ಹಿತ್ತಲಿನ ಮಾವಿನ ಮರದಡಿ ಕುಳಿತು ಬುತ್ತಿ ಉಂಡರು. ಹಿಂದಿರುಗುವಾಗ ಅಡುಗೆಮನೆಯ ಮೂಲೆಯಲ್ಲಿ ಬಿದ್ದಿದ್ದ ಮರದ ಸೇರೊಂದನ್ನು ಕಾಲೇಜಿನ ವಸ್ತುಪ್ರದರ್ಶನಕ್ಕೆಂದು ತಂದರು.

ಕದಿಯುವ ಮನಸ್ಸು ಅವರಲ್ಲಿರಲಿಲ್ಲ. ಗೆದ್ದಲಿಗೆ ಆಹಾರವಾಗಲಿದ್ದ ವಸ್ತುವನ್ನು ಉಳಿಸಿದೆವೆಂದೇ ಅವರು ನಂಬಿದ್ದರು. ಆದರೆ ಪ್ರದರ್ಶನದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದು, ಮೈಸೂರಿನಲ್ಲಿ ಮಗನ ಜೊತೆಗಿರುವ ಆ ಮನೆಯ ಹಿರಿಯಮ್ಮನವರನ್ನು ತಲುಪಿತು. ಅವರು ಫೋನು ಮಾಡಿ ಬೈಯಲಿಲ್ಲ. "ಅದರಲ್ಲಿ ನನ್ನ ಅತ್ತೆ ಅಕ್ಕಿ ಅಳೆಯುತ್ತಿದ್ದದ್ದು. ಗೋಡೆ ಬಿದ್ದಿತೆಂದು ಮನೆ ಯಾರದ್ದೂ ಅಲ್ಲ ಅಂತ ಆಗ್ತದಾ?" ಎಂದು ಮಾತ್ರ ಕೇಳಿದರು. ಎರಡೇ ದಿನಗಳಲ್ಲಿ ಸೇರು ಅವರ ಕೈಸೇರಿತು. ಪ್ರಶ್ನೆ ನಮ್ಮಲ್ಲಿ ಉಳಿಯಿತು.

ಬಳಗದ ಸಭೆಯಲ್ಲಿ ಕೆಲವು ಹಿರಿಯರು, ಇನ್ನು ಇಂತಹ ತಿರುಗಾಟವೇ ಬೇಡವೆಂದರು. ಅವರ ಕಳವಳ ಸಹಜವಾದುದು. ಆದರೂ ಈ ಲೇಖಕನ ಅಭಿಪ್ರಾಯ ಬೇರೆ. ಹೋಗಬಾರದೆಂದರೆ ಮಕ್ಕಳು ಹೇಳದೆ ಹೋಗುತ್ತಾರೆ; ಅದು ಒಂದು. ಅದಕ್ಕಿಂತ ಮುಖ್ಯವಾಗಿ, ಖಾಲಿ ಮನೆಗಳಲ್ಲಿ ನಾವು ಬೇಗನೆ ನೋಡಿ ದಾಖಲಿಸಬೇಕಾದುದು ಬಹಳ ಇದೆ.

ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಮನೆಗಳು ಸುಮ್ಮನೆ ಖಾಲಿಯಾದುವಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿ ಅಡಿಕೆಯ ಹಳದಿ ಎಲೆ ರೋಗ ತೋಟದ ನಂತರ ತೋಟವನ್ನು ಬರಿದು ಮಾಡಿತು. ಇತರೆಡೆ ಪಾಲುಪಟ್ಟಿ, ಆಳಿನ ಅಭಾವ, ಕಾಡಾನೆ, ಮಕ್ಕಳ ಓದು, ಬೆಂಗಳೂರಿನ ಕೆಲಸ. ಜನ ಹೋದರು; ಹಿತ್ತಲಿನ ಮರಗಳು ಹೋಗಲಿಲ್ಲ. ಉಪ್ಪಿನಕಾಯಿಗೆಂದೇ ಕಾಪಾಡಿದ ಮಿಡಿಮಾವು, ಒಂದೊಂದು ಮನೆಗೂ ಒಂದೊಂದು ರುಚಿಯ ಹಲಸು, ಇಂದು ಹೆಸರೂ ಮರೆತಿರುವ ಬಾಳೆ, ಅಂಗಳದಂಚಿನ ಮಲ್ಲಿಗೆ ಅಲ್ಲೇ ನಿಂತಿವೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಒಂದೇ ಒಂದು ಮರ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಕಣ್ಣಿಗೆ ಬಿದ್ದು 'ಸಿದ್ದು' ಹಲಸಾಗಿ ಇಂದು ನಾಡಿನಾದ್ಯಂತ ಕಸಿಗಿಡಗಳಾಗಿ ಹಬ್ಬಿದೆ. ನಮ್ಮ ಖಾಲಿ ಹಿತ್ತಲುಗಳಲ್ಲಿ ಅಂತಹ ಮರಗಳೆಷ್ಟು ಯಾರೂ ತಿನ್ನದೆ ಹಣ್ಣುದುರಿಸುತ್ತಿವೆಯೋ! ಬಾವಿಯ ಆಳ, ಸುರಂಗದ ದಿಕ್ಕು, ಮಳೆನೀರು ಹರಿದುಹೋಗಲು ಹಿರಿಯರು ಕಡಿದ ಕಣಿ, ಹಟ್ಟಿಯ ಗೊಬ್ಬರ ಗದ್ದೆಗಿಳಿಯುತ್ತಿದ್ದ ದಾರಿ, ಇವೆಲ್ಲ ಪುಸ್ತಕದಲ್ಲಿ ದೊರೆಯುವ ವಿದ್ಯೆಯಲ್ಲ. ಮಾಡು ಕುಸಿದು ನಾಲ್ಕು ಮಳೆಗಾಲ ಕಳೆದರೆ ಆ ಸ್ಥಳದಲ್ಲಿ ಒಂದು ಮಣ್ಣದಿಬ್ಬ, ಅದರ ಮೇಲೆ ಕಮ್ಯುನಿಸ್ಟ್ ಗಿಡದ ಪೊದೆ.

ಆದುದರಿಂದ ಹೋಗಬೇಕು. ಹೇಗೆ ಹೋಗಬಾರದೆಂಬುದನ್ನು ಮೊದಲು ನನ್ನದೇ ತಪ್ಪಿನಿಂದ ಹೇಳುತ್ತೇನೆ.

1979ರಲ್ಲಿ ಆರಂಭವಾದ ಹಾಸನ–ಮಂಗಳೂರು ರೈಲುಮಾರ್ಗವು ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತಿತು. ಹತ್ತು ವರ್ಷ ಘಾಟಿಯಲ್ಲಿ ಗಾಡಿಯ ಸದ್ದಿರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕಿ ಸೇತುವೆಗಳು, ನಡುವೆ ಎಡಕುಮೇರಿಯಂತಹ ರಸ್ತೆಯೇ ಇಲ್ಲದ ನಿಲ್ದಾಣಗಳು. ಆ ವರ್ಷಗಳಲ್ಲಿ ಕಾಲೇಜು ಓದುತ್ತಿದ್ದ ನಾವು ಎಂಟು ಮಂದಿ ಹಳಿಯ ಮೇಲೆ ನಡೆದು ಹೋಗಿ ಹಾಳುಬಿದ್ದ ಕಟ್ಟಡವೊಂದರಲ್ಲಿ ರಾತ್ರಿ ತಂಗಿದೆವು. ಮನೆಯಲ್ಲಿ ಹೇಳಿದ್ದು ಸುಬ್ರಹ್ಮಣ್ಯ ದರ್ಶನಕ್ಕೆಂದು. ಇಬ್ಬರಲ್ಲಿ ಮಾತ್ರ ಟಾರ್ಚು. ಕತ್ತಲಾಗುತ್ತಲೇ ಒಬ್ಬ ಗೆಳೆಯ ಕೊಳೆತ ಹಲಗೆಯ ಮೇಲೆ ಕಾಲಿಟ್ಟು ತೊಡೆಯವರೆಗೆ ಇಳಿದ. ತುಕ್ಕುಹಿಡಿದ ಮೊಳೆ ಮೊಣಕಾಲಿನ ಕೆಳಗೆ ಸೀಳಿತು. ರಕ್ತ ನಿಲ್ಲಿಸಲು ಪಂಚೆ ಹರಿದು ಕಟ್ಟಿದೆವು. ಬೆಳಗಿನವರೆಗೆ ಅವನ ನರಳಾಟ, ನಮ್ಮ ಮೌನ. ಮರುದಿನ ಅವನನ್ನು ಸರದಿಯಂತೆ ಹೊತ್ತು ಗುಂಡ್ಯದ ರಸ್ತೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಆ ಹಲಗೆ ಸರಿಯಿಲ್ಲವೆಂದು ನಮ್ಮಲ್ಲಿ ಕನಿಷ್ಠ ಮೂವರಿಗೆ ಗೊತ್ತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಯಾರೂ ಹೇಳಲಿಲ್ಲ. ಹೇಳಿದವ ಪುಕ್ಕಲನಾಗುತ್ತಿದ್ದ. ಗುಂಪು ಧೈರ್ಯ ಕೊಡುತ್ತದೆ ಎನ್ನುತ್ತೇವೆ. ಕೊಡಬಾರದ ಧೈರ್ಯವನ್ನೂ ಅದು ಕೊಡುತ್ತದೆ. ಹಾಗಾಗಿ ನಮ್ಮ ಬಳಗದ ತಂಡಗಳಲ್ಲಿ ಇನ್ನು ಮುಂದೆ ಒಂದು ಕಟ್ಟಳೆ: ಯಾರೇ ಒಬ್ಬರು, ಅವರು ತಂಡದಲ್ಲಿ ಅತ್ಯಂತ ಕಿರಿಯರಾಗಿರಲಿ, 'ಬೇಡ' ಎಂದರೆ ಎಲ್ಲರೂ ಹಿಂದಿರುಗತಕ್ಕದ್ದು. ಕಾರಣ ಕೇಳುವುದು ಹೊರಗೆ ಬಂದ ಮೇಲೆ. ತಂಡ ನಾಲ್ವರಿಗಿಂತ ಕಡಿಮೆಯಿರಬಾರದು. ಗಾಯಗೊಂಡವನ ಬಳಿ ಒಬ್ಬ ಉಳಿದು, ಇಬ್ಬರು ಜೊತೆಯಾಗಿ ಸಹಾಯಕ್ಕೆ ಹೋಗಲು ಅಷ್ಟು ಮಂದಿ ಬೇಕೇ ಬೇಕು. ನಮ್ಮ ಕಣಿವೆಗಳಲ್ಲಿ ಮೊಬೈಲ್ ಸಂಕೇತ ಸಿಗುವುದು ಗುಡ್ಡದ ನೆತ್ತಿಯಲ್ಲಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಆ ರೈಲುದಾರಿಯ ನಡಿಗೆಯನ್ನು ಇಂದು ಯಾರೂ ಅನುಕರಿಸಬಾರದು. 2006ರಲ್ಲಿ ಸರಕು ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮರಳಿದವು. ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲಲು ಸ್ಥಳವಿಲ್ಲ. ರೈಲ್ವೆ ಕಾಯಿದೆಯ 147ನೆಯ ವಿಧಿಯಂತೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸವೂ ಉಂಟು. ಮಾರ್ಗ ನಿಂತಿದ್ದ ದಿನಗಳಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ ನಿಜ. ತಡೆಯಲಿಲ್ಲವೆಂದರೆ ಒಪ್ಪಿದರು ಎಂದಲ್ಲ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿಗಳ ನಡುವೆ ಗುಡ್ಡ ಜರಿದು ಗಾಡಿಗಳು ದಿನಗಟ್ಟಲೆ ನಿಂತುದನ್ನು ನೆನೆದರೆ, ಆ ಇಳಿಜಾರುಗಳು ಮಳೆಗಾಲದಲ್ಲಿ ಮನುಷ್ಯರು ಓಡಾಡುವ ಜಾಗವೇ ಅಲ್ಲ.

ಕಟ್ಟಡವೂ ಗುಡ್ಡದಂತೆಯೇ ಮಳೆಯಲ್ಲಿ ಸಾಯುತ್ತದೆ. ಮಾಡಿನಲ್ಲಿ ಒಂದು ಹಂಚು ಜಾರಿದರೆ ಸಾಕು: ನೀರು ರೀಪಿಗೆ, ರೀಪಿನಿಂದ ಪಕಾಸಿಗೆ, ಅಲ್ಲಿಂದ ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ನೆನೆದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಮರದೊಳಗೆ ಗೆದ್ದಲು ಬರಿಯ ಸಿಪ್ಪೆಯನ್ನು ಉಳಿಸಿರುತ್ತದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಇಗರ್ಜಿಯೊಂದು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ವರ್ಷವರ್ಷವೂ ಮುಳುಗಿ ಏಳುತ್ತ ಬಂದಿದೆ. ಅದರ ದಪ್ಪ ಗೋಡೆಗಳೇ ಕುಸಿಯತೊಡಗಿವೆಯೆಂದ ಮೇಲೆ ನಮ್ಮ ಮಣ್ಣಿನ ಗೋಡೆಗಳ ಪಾಡೇನು? ಆದುದರಿಂದ ಮಳೆ ಬಿಟ್ಟು ತಿಂಗಳಾದರೂ ಕಳೆಯಬೇಕು. ಮೊದಲು ಮನೆಗೆ ಒಂದು ಸುತ್ತು ಹೊರಗಿನಿಂದಲೇ ಬರಬೇಕು. ಹೊಟ್ಟೆಯುಬ್ಬಿದ ಗೋಡೆ, ಬಾಗಿದ ಮಾಡು ಕಂಡರೆ ಅಲ್ಲಿಗೇ ಮುಗಿಯಿತು; ಜಗಲಿಯವರೆಗಿನ ದಾಖಲೆಯೂ ದಾಖಲೆಯೇ. ಅಟ್ಟ ಹತ್ತುವುದು ಯಾವ ಸಂದರ್ಭದಲ್ಲಿಯೂ ಬೇಡ. ಬಾವಿಯ ಕಟ್ಟೆಗೆ ಒರಗಬಾರದು. ನಮ್ಮ ಭಾಗದ ವಿಶೇಷವಾದ ನೀರಿನ ಸುರಂಗಗಳೊಳಗೆ ಕುತೂಹಲದಿಂದ ತೂರುವುದು ಆತ್ಮಹತ್ಯೆಗೆ ಸಮ. ಅಲ್ಲಿ ಉಸಿರಾಡುವ ಗಾಳಿಗೇ ಭರವಸೆಯಿಲ್ಲ.

ಹಾವು, ಕಣಜ, ಬಾವಲಿಗಳ ವಿಷಯ ಮಲೆಯ ಜನರಿಗೆ ನಾನು ಕಲಿಸಬೇಕಾದುದಲ್ಲ. ಕೈ ಹಾಕುವಲ್ಲಿ ಮೊದಲು ಕೋಲು, ಕಾಲಿಗೆ ಬೂಟು, ಬಾವಲಿಗಳಿರುವ ಕೋಣೆಗೆ ದೂರದಿಂದಲೇ ನಮಸ್ಕಾರ. ಕಡಿದರೆ ಬಿಗಿದು ಕಟ್ಟದೆ, ಗಾಯ ಕೊಯ್ಯದೆ, ನೇರ ಆಸ್ಪತ್ರೆಗೆ. ಆದರೆ ಆನೆಯ ಮಾತು ಬೇರೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಇಬ್ಬರು ಕಾಡಾನೆಗೆ ಬಲಿಯಾದರು. ಜನರಿಲ್ಲದ ಮನೆಯ ಬಾಳೆ ಹಲಸುಗಳು ಆನೆಯ ಪಾಲಿಗೆ ಕಾಡೇ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋಗಿ ಸಂಜೆ ನಾಲ್ಕರೊಳಗೆ ಮರಳುವುದು ಕ್ಷೇಮ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಹೆದರಿಸುವುದು ಹಾವೂ ಅಲ್ಲ, ಆನೆಯೂ ಅಲ್ಲ. ತೋಟದ ಮನೆಗಳ ಹಿಂದಿನ ಉಗ್ರಾಣ. ಮದ್ದಿನ ಕೋಣೆ ಎಂದು ಕರೆಯುತ್ತಿದ್ದರಲ್ಲ, ಅದು. ಅಲ್ಲಿ ಬೋರ್ಡೋ ದ್ರಾವಣದ ಮೈಲುತುತ್ತು ಮಾತ್ರ ಇರುವುದಿಲ್ಲ. 1997ರಲ್ಲಿ ನಿಷೇಧವಾದ ಬಿ.ಎಚ್.ಸಿ. ಪುಡಿ ಮೂಲೆಯ ಡಬ್ಬದಲ್ಲಿ ಸುಣ್ಣದಂತೆ ಕುಳಿತಿರಬಹುದು. ಅಕ್ಕಿಯ ಹುಳಕ್ಕೆಂದು ತಂದ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಿಗೆ ತೇವ ತಗಲಿದರೆ ಹೊರಡುವ ಅನಿಲ, ಮುಚ್ಚಿದ ಕೋಣೆಯಲ್ಲಿ ಪ್ರಾಣಾಂತಕ. ಚೀಟಿ ಹರಿದುಹೋದ ಸೀಸೆಯ ಒಳಗೇನಿದೆಯೆಂದು ಮೂಸಿ ನೋಡುವುದು ನಮ್ಮ ಹುಡುಗರ ಸ್ವಭಾವ!

ಎಂಡೋಸಲ್ಫಾನಿನ ಕಥೆಯನ್ನು ಈ ಸೀಮೆಯವರು ಮರೆಯುವಂತಿಲ್ಲ. ನಮ್ಮ ನೆರೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷದ ಫಲವನ್ನು ಅಲ್ಲಿಯ ಮನೆಗಳು ಇಂದಿಗೂ ಉಣ್ಣುತ್ತಿವೆ. ರಾಜ್ಯ ಸರಕಾರ 2011ರಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ವಿಧಿಸಿತು. ನಿಷೇಧದಿಂದ ಗೋದಾಮಿನಲ್ಲಿದ್ದ ದಾಸ್ತಾನು ಮಾಯವಾಗುವುದಿಲ್ಲವಷ್ಟೆ. ಕಾಸರಗೋಡಿನ ತೋಟಗಳ ಗೋದಾಮುಗಳಲ್ಲಿ ಹಳೆಯ ಪೀಪಾಯಿಗಳಿಂದ ಹೊಸ ಪೀಪಾಯಿಗಳಿಗೆ ಅದನ್ನು ವರ್ಗಾಯಿಸುವುದೇ ಒಂದು ದೊಡ್ಡ ಕಾರ್ಯಾಚರಣೆಯಾಯಿತು. ಗಡಿಯ ಮಿಂಚಿನಪದವಿನ ಬಾವಿಯೊಂದಕ್ಕೆ ಉಳಿಕೆಯನ್ನು ಸುರಿಯಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಸ್ಥಳಕ್ಕೆ ಬರಬೇಕಾಯಿತು. ಪಾಳು ಗೋದಾಮನ್ನಾಗಲಿ ಪಾಳು ಬಾವಿಯನ್ನಾಗಲಿ ಕೇವಲ ಹಳೆಯ ಕಟ್ಟಡವೆಂದು ನೋಡುವ ಸ್ವಾತಂತ್ರ್ಯ ಈ ಜಿಲ್ಲೆಯ ಮಕ್ಕಳಿಗಿಲ್ಲ. ಪೀಪಾಯಿ, ಸೀಸೆ, ಗುರುತು ಸಿಗದ ಪುಡಿ ಕಂಡರೆ ಮುಟ್ಟದೆ, ತೆರೆಯದೆ, ತೊಳೆಯಲೂ ಹೋಗದೆ ಹೊರಬಂದು, ಮನೆಯವರಿಗೂ ಪಂಚಾಯತಿಗೂ ಕೃಷಿ ಇಲಾಖೆಗೂ ತಿಳಿಸಬೇಕು. ಒಂದು ಕೋಣೆಯ ವಿಷವನ್ನು ಹೀಗೆ ಪತ್ತೆ ಮಾಡಿದ ತಂಡ, ನೂರು ಚಿತ್ರ ತೆಗೆದ ತಂಡಕ್ಕಿಂತ ದೊಡ್ಡ ಕೆಲಸ ಮಾಡಿದಂತೆ.

ಇನ್ನು ಅನುಮತಿ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲೆ ಖಾಲಿಯಾದ ಮನೆಗಳ ಸಾಲು ನೋಡಿ, ಕೇಳುವವರಿಲ್ಲವೆಂದು ಒಳನುಗ್ಗುವವರಿದ್ದಾರೆ. ಆ ಗಣಿಯನ್ನು ನಿಲ್ಲಿಸಬೇಕೆಂದು ಕೂಗಿದವರಲ್ಲಿ ನಮ್ಮಂಥವರೂ ಇದ್ದರು. ಹಾಗೆಂದು ಅಲ್ಲಿ ಬಾಳಿ, ಕೆಲಸ ಕಳೆದುಕೊಂಡು ಹೋದವರ ಬಾಗಿಲನ್ನು ಒದೆಯುವ ಹಕ್ಕು ನಮಗೆ ಬರಲಿಲ್ಲ. ಖಾಸಗಿ ಮನೆಯಾದರೆ ಮನೆಯವರು, ಕಾಡಿನ ಸರಹದ್ದಿನಲ್ಲಿದ್ದರೆ ಅರಣ್ಯ ಇಲಾಖೆ, ಸರಕಾರದ ಕಟ್ಟಡವಾದರೆ ಆಯಾ ಇಲಾಖೆ: ಬರಹದ ಒಪ್ಪಿಗೆಯಿಲ್ಲದೆ ಹೊಸಿಲು ದಾಟುವಂತಿಲ್ಲ. ನೆರೆಮನೆಯವರಿಗೆ ಮುಂಚಿತವಾಗಿ ಹೇಳುವುದೂ ಅಷ್ಟೇ ಅಗತ್ಯ. ನಿಧಿಗಾಗಿ ಪಾಳುಮನೆ, ಹಳೆಯ ಗುಡಿಗಳನ್ನು ಅಗೆಯುವವರ ಕಾಟ ಕಂಡಿರುವ ಊರಿನವರು, ಬೆನ್ನಿಗೆ ಚೀಲ ಹಾಕಿದ ಅಪರಿಚಿತರನ್ನು ಸಂಶಯಿಸಿದರೆ ತಪ್ಪೇನು? ನಾಗಬನ, ದೈವದ ಕಟ್ಟೆಗಳತ್ತ ಹೆಜ್ಜೆ ಬೇಡ. ಮನೆ ಖಾಲಿಯಾದರೂ ವರ್ಷಕ್ಕೊಮ್ಮೆ ದೀಪವಿಡಲು ಕುಟುಂಬದವರು ಬರುತ್ತಾರೆ.

ಸೇರು ಹಿಂದಿರುಗಿಸಿದ ಬಳಿಕ ವಿದ್ಯಾರ್ಥಿಗಳು ಆ ಹಿರಿಯಮ್ಮನವರಿಗೆ ಕ್ಷಮೆ ಕೇಳಿ ಪತ್ರ ಬರೆದರು. ಹಿತ್ತಲಿನ ಮರಗಳ ಬಗ್ಗೆ ನಾಲ್ಕು ಪ್ರಶ್ನೆಗಳನ್ನೂ ಸೇರಿಸಿದ್ದರು. ಉತ್ತರ ಫೋನಿನಲ್ಲಿ ಬಂತು, ಅರ್ಧ ಗಂಟೆ. ಬಾವಿಯ ಬಳಿಯ ಹಲಸು ಜೇನಿನಂತೆ, ಗದ್ದೆಯಂಚಿನದು ಹಪ್ಪಳಕ್ಕೆ ಮಾತ್ರ, ಮಾವಿನ ಮಿಡಿ ಮೂರು ವರ್ಷ ಭರಣಿಯಲ್ಲಿಟ್ಟರೂ ಮೆತ್ತಗಾಗದು ಎಂದೆಲ್ಲ ಅವರು ಹೇಳಿದ್ದನ್ನು ಒಬ್ಬಳು ಹುಡುಗಿ ಬರೆದುಕೊಂಡಿದ್ದಾಳೆ. ಮರುಭೇಟಿಗೆ ಅವರು ಸಂತೋಷದಿಂದ ಒಪ್ಪಿದ್ದಾರೆ. ಬೀಗದ ಕೈ ನೆರೆಮನೆಯಲ್ಲಿದೆ. ರಜೆ ಹೊಂದಿಸಿಕೊಂಡು ಮಗನೂ ಬರುವರಂತೆ. ಹಣ್ಣಿನ ಕಾಲಕ್ಕೆ ಇನ್ನೊಮ್ಮೆ ಹೋಗಿ ರುಚಿ ನೋಡಿ, ಬಳಿಕ ಕಸಿಕಡ್ಡಿ ತರುವುದೆಂದು ನಿಶ್ಚಯಿಸಿದ್ದೇವೆ. ಬರಲಿಚ್ಛಿಸುವವರು ಮನೆಯವರ ಒಪ್ಪಿಗೆಯ ಚೀಟಿಯೊಂದಿಗೆ ಬಳಗದಲ್ಲಿ ಹೆಸರು ಕೊಡಬೇಕು. ಫೋನು ಇಡುವ ಮುನ್ನ ಅವರು ಸೇರಿಸಿದ ಮಾತನ್ನು ಹೊರಡುವ ಮುಂಚೆ ಎಲ್ಲರಿಗೂ ಓದಿ ಹೇಳಲಾಗುವುದು: "ಮಕ್ಕಳನ್ನು ಬಾವಿಯ ಪಡುಬದಿಗೆ ಬಿಡಬೇಡಿ. ಅಲ್ಲಿ ಕಟ್ಟೆಯ ಕಲ್ಲು ಸಡಿಲ ಉಂಟು. ನಮ್ಮವರು ಇರುವಾಗಲೇ ಸರಿ ಮಾಡಿಸಬೇಕು ಅಂತ ಇದ್ದದ್ದು."