ಮನದ ಭಾರಕ್ಕೆ ಕಾಲಿನ ಮದ್ದು

ಹಾವೇರಿ ಸೀಮೆಯಲ್ಲಿ ನಸುಕಿನ ಹೊತ್ತು ಹಿಂದೆಲ್ಲ ಹೊಲಕ್ಕೆ ಹೊರಡುವವರದು, ಹಾಲು ಕರೆಯುವವರದು ಆಗಿತ್ತು. ಈಗ ಅವರೊಂದಿಗೆ ಇನ್ನೊಂದು ಪಂಗಡ ಸೇರಿಕೊಂಡಿದೆ. ವರದಾ ನದಿಯ ಮಗ್ಗುಲಿನ ಹೊಸರಿತ್ತಿಯಂಥ ಊರುಗಳ ರಸ್ತೆಗಳಲ್ಲಿ, ಮುಖದ ಗುರುತು ಸಿಗದ ಮಬ್ಬುಗತ್ತಲಿನಲ್ಲಿ, ಇಪ್ಪತ್ತರ ಆಚೀಚಿನ ತರುಣರು ಓಡುತ್ತಿರುತ್ತಾರೆ. ಒಬ್ಬನ ಕೈಯಲ್ಲಿ ಗಡಿಯಾರ. ಉಳಿದವರ ಉಸಿರೆಲ್ಲ ಅದರ ಮುಳ್ಳಿನಲ್ಲಿ. ಪೋಲೀಸ್ ಕಾನ್‌ಸ್ಟೇಬಲ್ ಹುದ್ದೆಯನ್ನು ಬಯಸುವ ಗಂಡಸು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಹೆಂಗಸಾದರೆ 400 ಮೀಟರನ್ನು ಎರಡು ನಿಮಿಷದಲ್ಲಿ. ಸೆಕೆಂಡೊಂದು ಹೆಚ್ಚಾದರೂ ಅದುವರೆಗಿನ ಶ್ರಮವೆಲ್ಲ ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಪರೀಕ್ಷೆ ಮುಗಿಯುತ್ತದೆ, ಪಟ್ಟಿ ಹೊರಬೀಳುತ್ತದೆ. ಹೆಸರು ಬಂದವನು ಟ್ರಂಕು ಹೊತ್ತು ತರಬೇತಿಗೆ ನಡೆಯುತ್ತಾನೆ. ಬಾರದವನು ಮನೆಯಲ್ಲಿಯೇ ಉಳಿಯುತ್ತಾನೆ. ಅವನ ಬೂಟುಗಳು ಮಂಚದ ಕೆಳಗೆ ಸೇರುತ್ತವೆ. ಬಿಸಿಲು ಏರಿದರೂ ಅವನು ಹೊದಿಕೆಯಿಂದ ಹೊರಗೆ ಬರುವುದಿಲ್ಲ. ‘ಸಾಕ್ ಬಿಡಪ್ಪಾ ಓಡಿದ್ದು, ಇನ್ನರ ಹೊಲದ ಕಡೆ ನೋಡು’ ಎನ್ನುತ್ತಾನೆ ತಂದೆ. ‘ಹುಡುಗ ಉಣ್ಣಾಕ ಒಲ್ಲೆ ಅಂತಾನ’ ಎಂದು ತಾಯಿ ನೆರೆಮನೆಯಾಕೆಯೊಡನೆ ಹೇಳಿಕೊಳ್ಳುತ್ತಾಳೆ. ಇಬ್ಬರ ಮಾತಿನಲ್ಲೂ ಕಕ್ಕುಲತೆಯೇ ಇದೆ. ಆದರೆ ಆ ಹುಡುಗನಿಗೆ ಓಟದ ಅಗತ್ಯ ನಿಜವಾಗಿ ಹುಟ್ಟುವುದೇ ಆ ದಿನದಿಂದ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ. ನೌಕರಿಗೆಂದು ಓಡಿದ ಅಷ್ಟು ತಿಂಗಳೂ ಆ ಓಟ ಅವನಿಗೆ ಅರಿವಿಲ್ಲದಂತೆ ಅವನ ಮನಸ್ಸನ್ನು ಕಾಯುತ್ತಿತ್ತು. ಪಟ್ಟಿ ಬಂದ ದಿನ ನೌಕರಿಯೂ ತಪ್ಪಿತು, ಕಾವಲೂ ತಪ್ಪಿತು.

ಪಟ್ಟಣದ ಮನೆಗಳಲ್ಲಿಯೂ ಕಥೆ ಬೇರೆಯಲ್ಲ. ಕಾಲೇಜಿನ ಆಟದ ಬಯಲನ್ನು ಬಿಟ್ಟು ಬ್ಯಾಂಕಿನ ಕುರ್ಚಿಗೆ ಅಂಟಿದವನು, ಮದುವೆಯಾದ ಮೇಲೆ ಮನೆಯ ಹೊಸ್ತಿಲಿನೊಳಗೇ ಉಳಿದವಳು, ನಿವೃತ್ತಿಯ ಮರುದಿನದಿಂದ ಹಗಲನ್ನು ಹೇಗೆ ಕಳೆಯುವುದೆಂದು ತಿಳಿಯದವನು, ಇವರೆಲ್ಲರೂ ಒಂದಲ್ಲ ಒಂದು ದಿನ ಕಾಲಿಗೆ ವಿರಾಮ ಕೊಟ್ಟು ತಲೆಗೆ ಭಾರ ಹೇರಿಕೊಂಡವರೇ. ಚಿಂತೆಗೂ ಚಿತೆಗೂ ಸೊನ್ನೆಯೊಂದರ ಅಂತರವೆನ್ನುತ್ತಾರೆ ಹಿರಿಯರು. ಆ ಚಿಂತೆ ಮೈಯೊಳಗೆ ಮಾಡುವ ಕೆಲಸವೇನೆಂಬುದನ್ನು ಸ್ವಲ್ಪ ನೋಡಬೇಕು.

ರಾಣೇಬೆನ್ನೂರಿನ ಹತ್ತಿರ 1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಕುರುಚಲು ಕಾಡಿನಲ್ಲಿ ಕೃಷ್ಣಮೃಗಗಳಿವೆ. ತೋಳದ ಸುಳಿವು ಸಿಕ್ಕೊಡನೆ ಹಿಂಡಿಗೆ ಹಿಂಡೇ ನೆಗೆದು ಓಡುತ್ತದೆ. ಆ ಕ್ಷಣದಲ್ಲಿ ಮೃಗದ ನೆತ್ತರಿಗೆ ಅಡ್ರಿನಲಿನ್ ಎಂಬ ರಸ ನುಗ್ಗಿ, ಗುಂಡಿಗೆ ಬಿರುಸಾಗಿ, ಸ್ನಾಯುಗಳಿಗೆ ಸಕ್ಕರೆ ಹರಿದು, ಜೀರ್ಣಕ್ರಿಯೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ಓಟ ಮುಗಿದು ಅಪಾಯ ದೂರವಾದೊಡನೆ ಎಲ್ಲವೂ ಇಳಿಯುತ್ತದೆ. ಮೃಗ ತಲೆ ತಗ್ಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ. ಇನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳ ನಡುವೆ ನಿಂತು ದರಕ್ಕಾಗಿ ಕಾಯುವ ಬೆಳೆಗಾರನನ್ನು ನೋಡಿ. ಸಾಲದ ಕಂತು, ಮಗಳ ಫೀಜು, ಬಿದ್ದುಹೋದ ಧಾರಣೆ ಮೂರೂ ಸೇರಿ ಅವನ ನೆತ್ತರಿಗೆ ಅದೇ ರಸವನ್ನು ಸುರಿಯುತ್ತವೆ. ಗುಂಡಿಗೆ ಹಾರುತ್ತದೆ, ಬಾಯಿ ಒಣಗುತ್ತದೆ. ಆದರೆ ಓಡುವುದೆಲ್ಲಿಗೆ? ಅವನು ನಿಂತಲ್ಲಿಯೇ ನಿಲ್ಲಬೇಕು. ಕಛೇರಿಯ ಗುಮಾಸ್ತನಂತೂ ಕುಳಿತಲ್ಲಿಯೇ ಕುಳಿತಿರಬೇಕು. ಓಡಲೆಂದು ಪ್ರಕೃತಿ ಒದಗಿಸಿದ ಕಾವು ಖರ್ಚಾಗದೆ ಒಳಗೇ ಉಳಿಯುತ್ತದೆ. ಮರುದಿನದ ಚಿಂತೆ ಅದರ ಮೇಲೆ ಇನ್ನಷ್ಟು ಸುರಿಯುತ್ತದೆ. ನಿದ್ರೆ ಕೆಡುವುದು, ಸಣ್ಣ ಮಾತಿಗೆ ಸಿಡುಕುವುದು, ಹೊಟ್ಟೆ ಉರಿಯುವುದು ಇವೆಲ್ಲಕ್ಕೂ ಇದರೊಡನೆ ನಂಟುಂಟು. ದಿನಕ್ಕೊಮ್ಮೆ ಓಡಿ ಬೆವರಿದವನು ಆ ಕಾವಿಗೆ ಒಂದು ದಾರಿ ತೋರಿಸುತ್ತಾನೆ. ಸಾಲ ತೀರುವುದಿಲ್ಲ, ನಿಜ. ಸಾಲಗಾರನಿಗೆ ನಿದ್ರೆ ಬರುತ್ತದೆ.

ಓಡಿದ ಮೇಲೆ ಮನಸ್ಸಿಗೆ ಬರುವ ಹಗುರನ್ನು ಬಹುಕಾಲ ಎಂಡಾರ್ಫಿನ್ ಎಂಬ ರಸದ ಲೆಕ್ಕಕ್ಕೆ ಬರೆಯಲಾಗಿತ್ತು. ಅಫೀಮಿನಂತೆ ನೋವನ್ನು ಮರೆಸುವ, ದೇಹವೇ ತಯಾರಿಸಿಕೊಳ್ಳುವ ವಸ್ತು ಅದು. ಜರ್ಮನಿಯ ಸಂಶೋಧಕರಿಗೆ ಈ ಮಾತಿನಲ್ಲಿ ಸಂಶಯ ಬಂದಿತು. ಅವರು 2015ರಲ್ಲಿ ಇಲಿಗಳ ಮೇಲೆಯೂ 2021ರಲ್ಲಿ 63 ಮಂದಿ ಓಟಗಾರರ ಮೇಲೆಯೂ ಪ್ರಯೋಗ ನಡೆಸಿದರು. ಎಂಡಾರ್ಫಿನ್ನಿನ ಪ್ರಭಾವವನ್ನು ತಡೆಯುವ ಮದ್ದನ್ನು ಕೊಟ್ಟು ಮುಕ್ಕಾಲು ಗಂಟೆ ಓಡಿಸಿದರೂ ಮನುಷ್ಯರ ಉಲ್ಲಾಸ ಕುಗ್ಗಲಿಲ್ಲ, ಕಳವಳ ಇಳಿಯುವುದೂ ನಿಲ್ಲಲಿಲ್ಲ. ಹಾಗಾದರೆ ಕೆಲಸ ಮಾಡುತ್ತಿರುವುದು ಬೇರೊಂದು. ಭಂಗಿಸೊಪ್ಪಿನಲ್ಲಿರುವ ವಸ್ತುವಿನ ದಾಯಾದಿಯಂತಿರುವ ರಸವೊಂದನ್ನು ದೇಹವೇ ಹುಟ್ಟಿಸಿಕೊಳ್ಳುತ್ತದೆ. ಅದು ಮಿದುಳಿನವರೆಗೂ ಸುಲಭವಾಗಿ ತಲುಪಬಲ್ಲದು ಎಂಬ ಕಡೆಗೆ ಅವರ ಬೆರಳು ತಿರುಗಿತು. ಶಿವರಾತ್ರಿಗೆ ಭಂಗಿ ಅರೆಯುವವರು ಇದನ್ನು ಕೇಳಿ ನಗಬಹುದು. ಓಡುವವನಿಗೆ ಅರೆಯುವ ಕೆಲಸವೂ ಉಳಿಯಿತು.

ಮಿದುಳಿನ ಮೇಲಿನ ಪರಿಣಾಮ ಓಟ ನಿಂತೊಡನೆ ಮಾಯವಾಗುವಂಥದೂ ಅಲ್ಲ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಲಾಗಿತ್ತು. ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಬಿರುಸಾಗಿ ನಡೆದವರಲ್ಲಿ, ವರ್ಷ ತುಂಬುವಾಗ, ಹಿಪ್ಪೊಕ್ಯಾಂಪಸ್ ಎಂಬ ಭಾಗ ಶೇಕಡಾ 2ರಷ್ಟು ಬೆಳೆದಿತ್ತು. ಬರಿದೆ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು. ಕಡಲಕುದುರೆಯ ಆಕಾರದಿಂದ ಹೆಸರು ಪಡೆದ ಈ ಭಾಗ ನೆನಪಿನ ಉಗ್ರಾಣ. ಬಹುಕಾಲದ ಖಿನ್ನತೆಯಲ್ಲಿ ಸವೆಯುವುದೂ ಇದೇ.

ಇಷ್ಟೆಲ್ಲ ಇದ್ದಮೇಲೆ ಗುಳಿಗೆಯೊಡನೆ ಓಟವನ್ನು ತೂಗಿ ನೋಡದೆ ವೈದ್ಯರು ಸುಮ್ಮನಿರುವರೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದವರು 1999ರಲ್ಲಿ, ಐವತ್ತು ದಾಟಿದ 156 ಮಂದಿ ಖಿನ್ನತೆಯ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ವರದಿ ಕೊಟ್ಟರು. ಗುಳಿಗೆ ಬೇಗ ಗುಣ ತೋರಿತಾದರೂ ಹದಿನಾರು ವಾರಗಳ ಕೊನೆಗೆ ವ್ಯಾಯಾಮ ಅದರ ಸರಿಸಮಕ್ಕೆ ನಿಂತಿತ್ತು. ಆಂಸ್ಟರ್ಡಾಮಿನವರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರವಾದದ್ದು. ಖಿನ್ನತೆ ಅಥವಾ ಕಳವಳದಿಂದ ಬಳಲುತ್ತಿದ್ದ 141 ಮಂದಿಗೆ, ಗುಳಿಗೆ ಬೇಕೋ ಓಟ ಬೇಕೋ ಎಂದು ಕೇಳಲಾಯಿತು. ಆಯ್ಕೆ ಅಷ್ಟು ಮುಖ್ಯವಲ್ಲ ಎಂದವರು ಮಾತ್ರ ಚೀಟಿಗೆ ತಲೆಬಾಗಿದರು. ಹೀಗೆ 45 ಮಂದಿ ಗುಳಿಗೆಗೂ 96 ಮಂದಿ ಓಟಕ್ಕೂ ಸಂದರು. ಹದಿನಾರು ವಾರಗಳ ನಂತರ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು ನಲವತ್ತನಾಲ್ಕು ಮಂದಿ ಚೇತರಿಸಿಕೊಂಡಿದ್ದರು. ಓಡಿದವರ ತೂಕವೂ ರಕ್ತದ ಒತ್ತಡವೂ ಇಳಿದಿದ್ದವು.

ಇಲ್ಲಿಗೇ ನಿಲ್ಲಿಸಿದರೆ ಲೇಖನಕ್ಕೆ ಒಳ್ಳೆಯ ಮುಕ್ತಾಯ ಸಿಕ್ಕೀತು. ಆದರೆ ಸತ್ಯಕ್ಕೆ ಅಪಚಾರವಾದೀತು. ಗುಳಿಗೆಯವರಲ್ಲಿ ನೂರಕ್ಕೆ ಎಂಬತ್ತೆರಡು ಮಂದಿ ಕೊನೆಯವರೆಗೂ ಕ್ರಮ ಪಾಲಿಸಿದರು. ಓಟದವರಲ್ಲಿ ಹಾಗೆ ಪಾಲಿಸಿದವರು ಐವತ್ತೆರಡು ಮಂದಿ ಮಾತ್ರ. ಓಟವನ್ನೇ ಮೆಚ್ಚಿ ಆರಿಸಿಕೊಂಡವರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಜಾರಿದರು! ಇದರಲ್ಲಿ ಅವರನ್ನು ಹಳಿಯುವಂಥದು ಏನೂ ಇಲ್ಲ. ಕಾಲು ಮುರಿದವನಿಗೆ ನಡೆಯೆನ್ನುವುದು ಎಷ್ಟು ಕಷ್ಟವೋ, ಉತ್ಸಾಹ ಬತ್ತುವುದೇ ಲಕ್ಷಣವಾಗಿರುವ ರೋಗದಲ್ಲಿ ಉತ್ಸಾಹದಿಂದ ಎದ್ದು ಓಡೆನ್ನುವುದೂ ಅಷ್ಟೇ ಕಷ್ಟ. ಗುಳಿಗೆಯನ್ನು ನುಂಗಿದರಾಯಿತು, ಓಟವನ್ನು ಪ್ರತಿದಿನ ಹೊಸದಾಗಿ ಸಂಪಾದಿಸಬೇಕು. ಮನಸ್ಸು ಕುಗ್ಗಿದವನಿಗೆ ಮೊದಲು ಬೇಕಾದದ್ದು ಬೂಟಲ್ಲ, ಉಪದೇಶವೂ ಅಲ್ಲ, ಬಾಗಿಲ ಬಳಿ ಬಂದು ನಿಂತು ಕರೆಯುವ ಒಬ್ಬ ಜೊತೆಗಾರ.

ಹೊಸರಿತ್ತಿಯ ಹೆಸರಿನೊಡನೆ ದೊಡ್ಡದೊಂದು ಕಾಲ್ನಡಿಗೆಯ ನೆನಪೂ ಬೆರೆತಿದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವ 1911ರಲ್ಲಿ ಹುಟ್ಟಿದವನು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ಹೊರಟ ಎಪ್ಪತ್ತೆಂಟು ಮಂದಿಯಲ್ಲಿ ಕರ್ನಾಟಕದ ಪಾಲಿಗೆ ಇದ್ದವನು ಹದಿನೆಂಟರ ಈ ಹುಡುಗನೊಬ್ಬನೇ. ಇಪ್ಪತ್ತನಾಲ್ಕು ದಿನ, ಸುಮಾರು 385 ಕಿಲೋಮೀಟರು. ಬೆಳಿಗ್ಗೆ ಒಂದು ಹಂತ, ಸಂಜೆ ಒಂದು ಹಂತ, ಸೋಮವಾರ ವಿಶ್ರಾಂತಿ. ನಡಿಗೆಯೊಡನೆ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ಮುಂದಾಳಿಗೆ ಆಗಲೇ ಅರುವತ್ತು ತುಂಬಿತ್ತು. ಬಾಲ್ಯದಲ್ಲಿ ಶಾಲೆಯ ಕಸರತ್ತೆಂದರೆ ಬೇಸರಪಡುತ್ತಿದ್ದ ಗಾಂಧೀಜಿ, ಬಯಲ ಗಾಳಿಯಲ್ಲಿ ದೂರ ನಡೆಯುವುದು ಒಳ್ಳೆಯದೆಂದು ಪುಸ್ತಕದಲ್ಲಿ ಓದಿ ಆ ರೂಢಿ ಹಿಡಿದವರು, ಜೀವಮಾನವೆಲ್ಲ ಬಿಡಲಿಲ್ಲ. ದಂಡಿಯ ನಡಿಗೆ ಆರೋಗ್ಯಕ್ಕಾಗಿ ನಡೆದದ್ದಲ್ಲ, ಉಪ್ಪಿಗಾಗಿ ಮತ್ತು ಉಪ್ಪಿನ ಹಿಂದಿದ್ದ ಸ್ವಾತಂತ್ರ್ಯಕ್ಕಾಗಿ. ಆದರೂ ಕಾಲಿನಲ್ಲಿ ಬೊಬ್ಬೆಯೆದ್ದವರು ಮರುದಿನವೂ ಎದ್ದು ನಡೆದದ್ದು ಹೇಗೆಂದು ಕೇಳಿದರೆ, ಉತ್ತರದ ಒಂದು ಪಾಲು ಆ ಸಾಲಿನಲ್ಲೇ ಇದೆ: ಮುಂದೊಬ್ಬನಿದ್ದ, ಹಿಂದೊಬ್ಬನಿದ್ದ, ಹೊರಡುವ ಹೊತ್ತು ನಿಶ್ಚಿತವಾಗಿತ್ತು. ಅದೇ ಮಹಾದೇವ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣ ಕೂಡಿಟ್ಟಿದ್ದ ವೀರಭದ್ರನ ಗುಡಿಯ ಬಳಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದ. ಮೂವತ್ತೆರಡೂ ತುಂಬಿರಲಿಲ್ಲ.

ಆ ಊರಿನಲ್ಲಿಯೇ 1984ರಲ್ಲಿ ತೆರೆದ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಖಾದಿ ತೊಟ್ಟು, ಪಾಠದ ಜೊತೆಗೆ ಮೈಬಗ್ಗಿಸುವ ಕೆಲಸವನ್ನೂ ಮಾಡಿಕೊಂಡು ಒಟ್ಟಾಗಿ ಬೆಳೆಯುತ್ತಾರೆ. ಇಂಥ ವಸತಿಶಾಲೆಗಳಲ್ಲಿ ನಸುಕಿನಲ್ಲಿ ಏಳುವುದಕ್ಕೆ ಯಾರೂ ಸಂಕಲ್ಪ ಮಾಡಬೇಕಾಗಿಲ್ಲ. ಪಕ್ಕದವನು ಎದ್ದನೆಂದರೆ ಇವನೂ ಎದ್ದ. ಪೇಚಿರುವುದು ಮುಂದೆ. ಆ ಹುಡುಗನೇ ನಾಳೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆಯ ಕೋಣೆಯೊಂದರಲ್ಲಿ ಒಬ್ಬನೇ ಇರುವಾಗ ಅವನನ್ನು ಎಬ್ಬಿಸುವವರಾರು? ಹಿಂದೆ ಊರಿಗೊಂದು ಗರಡಿಮನೆಯಿದ್ದಾಗ ಈ ಪ್ರಶ್ನೆ ಇಷ್ಟು ಮೊನಚಾಗಿರಲಿಲ್ಲ.

‘ಮನೆಗೆಲಸಕ್ಕಿಂತ ಬೇರೆ ವ್ಯಾಯಾಮ ಬೇಕೆ?’ ಎಂಬ ಆಕ್ಷೇಪ ಪ್ರತಿ ಮನೆಯಲ್ಲಿಯೂ ಕೇಳುತ್ತದೆ. ಹಾಗೆ ಕೇಳುವವರು ಸಾಮಾನ್ಯವಾಗಿ ಆ ಕೆಲಸ ಮಾಡದವರೇ ಎಂಬುದನ್ನು ಬದಿಗಿಡೋಣ. ನೀರು ಸೇದಿ, ಬಟ್ಟೆ ಒಗೆದು, ರೊಟ್ಟಿ ಬಡಿದು ದಣಿದ ದೇಹಕ್ಕೆ ಶ್ರಮವೇನೋ ಆಗಿದೆ. ಆದರೆ ಮನಸ್ಸಿನ ಮಟ್ಟಿಗೆ, ಕಡ್ಡಾಯದ ದುಡಿಮೆಗಿಂತ ತಾನಾಗಿ ಬಯಸಿ ಬಿಡುವಿನಲ್ಲಿ ಮಾಡಿದ ಚಲನೆಯಲ್ಲಿಯೇ ಹೆಚ್ಚು ಹಿತ ಕಂಡುಬಂದಿದೆಯೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಅರ್ಧ ಗಂಟೆ ಹೊರಗೆ ಹೋಗುವ ಗೃಹಿಣಿ ಗಾಳಿಯನ್ನಷ್ಟೇ ಕುಡಿಯುವುದಿಲ್ಲ. ಆ ಅರ್ಧ ಗಂಟೆ ಯಾರ ಕರೆಗೂ ಓಗೊಡಬೇಕಾಗಿಲ್ಲ ಎಂಬ ಬಿಡುಗಡೆಯನ್ನೂ ಅನುಭವಿಸುತ್ತಾಳೆ. ಆದರೆ ನಸುಕಿನ ನಿರ್ಜನ ರಸ್ತೆ ಗಂಡಸಿಗೆ ತೆರೆದಷ್ಟು ಹೆಂಗಸಿಗೆ ತೆರೆದಿಲ್ಲ. ಸೀರೆಯುಟ್ಟವಳು ಬಿರುಸಾಗಿ ನಡೆದರೂ ‘ಎಲ್ಲಿಗವ್ವಾ ಇಷ್ಟ ಅವಸರ?’ ಎಂದು ಕಟ್ಟೆಯ ಮೇಲಿನವರು ಕೇಳುತ್ತಾರೆ. ಓಣಿಯ ನಾಲ್ವರು ಹೆಂಗಸರು ಕೂಡಿ ಸಂಜೆ ಶಾಲೆಯ ಬಯಲಿಗೋ ಕೆರೆಯ ಏರಿಗೋ ಹೊರಟರೆ ಆ ಪ್ರಶ್ನೆ ಎಂಟು ದಿನದಲ್ಲಿ ತಾನೇ ಅಡಗುತ್ತದೆ. ಅಷ್ಟು ಹೊತ್ತು ಒಲೆಯ ಮೇಲಿನ ಹಾಲನ್ನು ಗಂಡಸರು ನೋಡಿಕೊಳ್ಳಬಹುದು. ಉಕ್ಕಿದರೂ ಲೋಕ ಮುಳುಗದು.

ತೊಡಗುವ ರೀತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಮೊದಲ ದಿನವೇ ಏದುಸಿರು ಬರುವಂತೆ ಓಡಿದವನು ಮೂರನೆಯ ದಿನ ಮಂಚ ಹಿಡಿಯುತ್ತಾನೆ. ಐದು ನಿಮಿಷ ನಡೆದು, ಒಂದು ನಿಮಿಷ ಮೆಲ್ಲಗೆ ಓಡಿ, ಮತ್ತೆರಡು ನಿಮಿಷ ನಡೆದು, ಹೀಗೆ ಇಪ್ಪತ್ತು ನಿಮಿಷ ಕಳೆದರೆ ಸಾಕು. ಪಕ್ಕದವನೊಡನೆ ಮಾತಾಡಲು ಬರುವಷ್ಟು ಉಸಿರು ಉಳಿದಿರಬೇಕು. ಅದೇ ವೇಗದ ಅಳತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷಗಳ ಬಿರುಸು ಶ್ರಮ. ಅಷ್ಟಾಗದವರಿಗೆ ಅದಕ್ಕಿಂತ ಕಡಿಮೆಯಾದದ್ದೂ ಸೊನ್ನೆಗಿಂತ ಮೇಲು. ಬಯಲುಸೀಮೆಯ ಚೈತ್ರ ವೈಶಾಖಗಳಲ್ಲಿ ಸೂರ್ಯ ಮೇಲೇರುವ ಮೊದಲೇ ಮುಗಿಸಬೇಕು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳಿ ತೊಡಗುವುದು ಕ್ಷೇಮ. ಓಟ ಒಗ್ಗದವರಿಗೆ ಬಿರುಸು ನಡಿಗೆ ಇದ್ದೇ ಇದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮನೋರೋಗಕ್ಕೆ ವೈದ್ಯರು ಕೊಟ್ಟ ಗುಳಿಗೆಯನ್ನು, ಓಡತೊಡಗಿದೆನೆಂಬ ಧೈರ್ಯದಿಂದ ತಾನಾಗಿ ನಿಲ್ಲಿಸಬಾರದು. ವಾರಗಟ್ಟಲೆ ಊಟ ನಿದ್ರೆಗಳು ಸೇರದೆ, ಬದುಕೇ ಬೇಡವೆನ್ನುವ ಮಾತು ಬಾಯಿಂದ ಬಂದರೆ ಅದು ಓಟದಿಂದ ಪರಿಹಾರವಾಗುತ್ತದೆಂದು ಕಾಯುವ ಕಾಲವಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ, ಹಣ ತೆರದೆ, ಕನ್ನಡದಲ್ಲಿಯೇ ಮಾತಾಡಬಹುದು.

ಪಟ್ಟಿಯಲ್ಲಿ ಹೆಸರು ಬಾರದ ಆ ಹುಡುಗನ ಸ್ಥಿತಿ ಅಷ್ಟರವರೆಗೆ ಹೋಗಬೇಕಾಗಿಲ್ಲ. ಮೂರು ನಾಲ್ಕು ದಿನ ಅವನು ಮಲಗಿಕೊಳ್ಳಲಿ. ಸೋಲಿಗೂ ಒಂದಿಷ್ಟು ಮರ್ಯಾದೆ ಸಲ್ಲಬೇಕು. ಐದನೆಯ ನಸುಕಿಗೆ ತಂದೆ ಟವೆಲು ಹೆಗಲಿಗೆ ಹಾಕಿಕೊಂಡು, ನೌಕರಿಯ ಮಾತೆತ್ತದೆ, ‘ಏಳೋ ತಮ್ಮಾ, ಹೊಳೀ ತನಕ ಹೋಗಿ ಬರೋಣು ಬಾ’ ಎಂದು ಕರೆದು ನೋಡಬಹುದು. ಮಗ ಓಡಲಿ, ತಂದೆ ನಡೆಯಲಿ. ಮುಂದೆ ಹೋದವನು ತಿರುಗಿ ಬಂದು ಹಿಂದಿದ್ದವನನ್ನು ಕೂಡಿಕೊಳ್ಳಲಿ. ಗಡಿಯಾರವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೋಗಬೇಕು.